ಕಲ್ಲಹುಂಡಿ ಡೈರಿಯ ಮಂಗಳವಾರಗಳು

ಭಾಗ್ಯ ಮಗಳನ್ನು ಎತ್ತಿಕೊಂಡು ಮತ್ತೆ ಹುಣಸೂರಿಗೆ ಬಂದದ್ದು ಎರಡೂವರೆ ತಿಂಗಳ ಮೇಲೆ. ಅವಳನ್ನು ಬಾಗಿಲಲ್ಲಿ ಕಂಡಾಗ ಪವಿತ್ರಳಿಗೆ ಖುಷಿಯಾಯಿತು. ಆದರೆ ರಮ್ಯಶ್ರೀಯನ್ನು ಚಾಪೆಯ ಮೇಲೆ ಮಲಗಿಸಿ ಮಂಡಿ ಹಿಡಿದು ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ. ಆರು ತಿಂಗಳು ಒದ್ದಾಡಿ ನೇರ ಮಾಡಿದ್ದ ಕಾಲುಗಳು ಮತ್ತೆ ಮಡಚಿಕೊಂಡಿದ್ದವು. ತೊಡೆಯ ಹಿಂದಿನ ನರಗಳು ಬಿಗಿದ ಹಗ್ಗದ ಹಾಗೆ ಕೈಗೆ ಸಿಗುತ್ತಿದ್ದವು. ಏಳು ವರ್ಷದ ಹುಡುಗಿ ನೋವಿಗೆ ತುಟಿ ಕಚ್ಚಿಕೊಂಡು ಪವಿತ್ರಳ ಮುಖವನ್ನೇ ನೋಡುತ್ತಿದ್ದಳು.

ಪವಿತ್ರ ಕೆ.ಆರ್. ನಗರ ಸೀಮೆಯ ಭೇರ್ಯದವಳು. ಫಿಸಿಯೋಥೆರಪಿ ಓದಿ, ಹುಣಸೂರಿನಲ್ಲಿ ‘ನಡಿಗೆ’ ಎಂಬ ಸಂಸ್ಥೆ ಸೇರಿ ಆರು ವರ್ಷವಾಗಿತ್ತು. ಹುಟ್ಟುವಾಗ ಉಸಿರು ತಡವಾಗಿ, ಕೈಕಾಲು ಹಿಡಿತಕ್ಕೆ ಬಾರದ ಮಕ್ಕಳಿಗೆ ವ್ಯಾಯಾಮ ಮಾಡಿಸುವುದು ಆ ಸಂಸ್ಥೆಯ ಕೆಲಸ. ಸಿಟ್ಟು ಬಂದರೆ ಪವಿತ್ರಳಿಗೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

“ಇಷ್ಟು ದಿನ ಯಾಕೆ ಬರಲಿಲ್ಲ ಭಾಗ್ಯ?” ಎಂದಳು ಮೆಲ್ಲಗೆ.

“ಬರಕ್ಕೆ ಆಗ್ನಿಲ್ಲ ಮೇಡಂ. ಅಂತರಸಂತೆಲಿ ಬಸ್ಸತ್ತಿದ್ರೆ ಎಚ್.ಡಿ. ಕೋಟೆಲಿ ಇಳೀಬೇಕು, ಅಲ್ಲಿಂದ ಇನ್ನೊಂದು ಬಸ್ಸು. ಕೂಸು ದಪ್ಪ ಆಯ್ತು ಈಗ. ಎತ್ಕಂಡು ನಿಂತ್ಕಳಕ್ಕೆ ಸೊಂಟ ಕೇಳಾಕಿಲ್ಲ. ಸೀಟೂ ಯಾರೂ ಬುಡಾಕಿಲ್ಲ. ಶುಂಠಿ ಕೆಲ್ಸ ಬುಟ್ಟು ಒಂದು ದಿನ ಬಂದ್ರೆ ಮೂರು ದಿನ ಮೈ ನೋವು.” ಭಾಗ್ಯ ತಪ್ಪೊಪ್ಪಿಕೊಳ್ಳುವವಳಂತೆ ತಲೆ ತಗ್ಗಿಸಿದಳು. “ಮನೇಲಿ ನಾನೇ ಮಾಡಿಸ್ತಿದ್ದೆ. ಸರಿಗ್ ಮಾಡಿಸ್ತಿದ್ನೋ ಏನೋ ಗೊತ್ತಾಗ್ನಿಲ್ಲ. ಕೇಳಕ್ಕೆ ಯಾರವ್ರೆ ಅಲ್ಲಿ?”

ಪವಿತ್ರ ರಿಜಿಸ್ಟರು ತೆಗೆದು ನೋಡಿದಳು. ಅಂತರಸಂತೆ ಕಡೆಯಿಂದ ಹೆಸರು ಬರೆಸಿದ ಮಕ್ಕಳು ಒಂಬತ್ತು. ಈಗ ಬರುತ್ತಿದ್ದದ್ದು ಇಬ್ಬರು. ಬಾರದ ಮಕ್ಕಳ ಮುಂದೆ ಅವಳೇ ತನ್ನ ಕೈಯಾರೆ ‘ಪೋಷಕರಿಗೆ ಆಸಕ್ತಿ ಇಲ್ಲ’ ಎಂದು ಬರೆದಿದ್ದಳು. ಆ ಸಾಲುಗಳನ್ನು ಹೊಡೆದು ಹಾಕಿದಳು.

ಮಕ್ಕಳು ಬರಲಾಗದಿದ್ದರೆ ತಾನೇ ಹೋಗಬೇಕು. ಹೋಗಲು ಸ್ಕೂಟರು ಸಾಕಿತ್ತು. ಆದರೆ ಹೋದ ಮೇಲೆ ಕೂರಲು ಒಂದು ಜಾಗ ಬೇಕು. ಅಂತರಸಂತೆಯ ಸುತ್ತಲಿನ ಶಾಲೆಗಳಲ್ಲಿ ಕೇಳಿದಳು, ಎಲ್ಲೂ ಬಿಡುವಿನ ಕೋಣೆಯಿರಲಿಲ್ಲ. ಅಂಗನವಾಡಿಯಲ್ಲಿ ಇದ್ದ ಮಕ್ಕಳಿಗೇ ಜಾಗ ಸಾಲದು. ಕೊನೆಗೆ ಭಾಗ್ಯಳ ಊರಾದ ಕಲ್ಲಹುಂಡಿಯಲ್ಲಿ ಮಹಿಳಾ ಹಾಲಿನ ಸಂಘದ ಕಟ್ಟಡ ಕಣ್ಣಿಗೆ ಬಿತ್ತು. ಮುಂದೆ ಹಾಲು ಅಳೆಯುವ ಹಜಾರ, ಹಿಂದೆ ಗಾಳಿ ಬೆಳಕಿರುವ ಒಂದು ಕೋಣೆ. ಬೆಳಿಗ್ಗೆ ಎಂಟೂವರೆಗೆ ಹಾಲಿನ ಲಾರಿ ಹೋದರೆ ಸಂಜೆ ನಾಲ್ಕರವರೆಗೆ ಅಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ.

ಸಂಘದ ಅಧ್ಯಕ್ಷೆ ಜಯಲಕ್ಷ್ಮಮ್ಮ ಅರವತ್ತರ ಹತ್ತಿರದ, ಎತ್ತರದ ಹೆಂಗಸು. ಆರು ಎಕರೆ ಜಮೀನು, ನಾಲ್ಕು ಹಸು. ಪವಿತ್ರ ಹೇಳಿದ್ದನ್ನೆಲ್ಲ ಹಾಲಿನ ಕ್ಯಾನು ತೊಳೆಯುತ್ತಲೇ ಕೇಳಿಸಿಕೊಂಡರು. ಆಮೇಲೆ ಕೈ ಒರೆಸಿಕೊಂಡು ಒಂದೇ ಮಾತು ಅಂದರು:

“ಆಗಕಿಲ್ಲ ಕಣಮ್ಮ.”

“ವಾರಕ್ಕೆ ಎರಡೇ ದಿನ ಅಮ್ಮ. ನಾವೇ ಗುಡಿಸಿ ಒರೆಸಿ—”

“ಗುಡಿಸೋದಲ್ಲ ವಿಷ್ಯ. ಮೂರು ವರ್ಷದ ಇಂದೆ ಇದೇ ರೂಮಿಗೆ ನಿಮ್ಮಂಗೆ ಒಂದು ಸಂಸ್ಥೆಯೋರು ಬಂದ್ರು. ಒಲಿಗೆ ಕಲಿಸ್ತೀವಿ ಅಂದ್ರು. ನಾನು ಬಾಗ್ಲು ಬಾಗ್ಲಿಗೂ ಓಗಿ ಇಪ್ಪತ್ತು ಎಣ್ಮಕ್ಕಳ ಸೇರಿಸ್ದೆ. ಗಂಡುಸ್ರು ಬ್ಯಾಡ ಅಂದ್ರೂ ಒಪ್ಸಿ ಕರ್ಕಬಂದೆ. ದೊಡ್ಡ ಬೋರ್ಡು ಆಕುದ್ರು, ಫೋಟೋ ತಗುದ್ರು. ಆರು ತಿಂಗಳಿಗೆ ಒಂದಿನ ಟೆಂಪೋ ಬಂತು, ಮಿಷಿನ್ನೆಲ್ಲ ಏರ್ಕಂಡು ಓದ್ರು. ಅರ್ಧ ಒಲ್ದಿದ್ದ ಬಟ್ಟೆ ಅಂಗೇ ಬಿದ್ದಿತ್ತು. ಯಾಕೆ ಓಯ್ತೀವಿ ಅಂತ ಒಂದು ಮಾತು ಏಳ್ಲಿಲ್ಲ. ಅವ್ರಿಗೇನು, ಓದ್ರು. ಊರಲ್ಲಿ ಮುಖ ತೋರಿಸ್ಬೇಕಾಗಿದ್ದು ನಾನು.”

ನಾವು ಹಾಗಲ್ಲ ಎಂದು ಪವಿತ್ರ ಹೇಳಬಹುದಿತ್ತು. ಆದರೆ ಆ ಸಂಸ್ಥೆಯವರೂ ಮೊದಲು ಹಾಗೇ ಹೇಳಿರುತ್ತಾರೆ ಅನ್ನಿಸಿತು. ಅದರ ಬದಲು ಕೇಳಿದಳು: “ಅವರು ಏನು ಮಾಡಿದ್ದರೆ ನಿಮಗೆ ಸರಿಯಾಗುತ್ತಿತ್ತು ಅಮ್ಮ?”

ಜಯಲಕ್ಷ್ಮಮ್ಮ ಅವಳನ್ನು ಆಗ ಸರಿಯಾಗಿ ನೋಡಿದರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

“ಏಳಿ ಓಗ್ಬೇಕಿತ್ತು,” ಎಂದರು ಕೊನೆಗೆ. “ಇರಿ ಅಂತ ಯಾರ್ನೂ ಕಟ್ಟಾಕಕ್ಕಾಗಕಿಲ್ಲ. ಆದ್ರೆ ಓಗೋರು ಏಳಿ ಓಗ್ಬೇಕು. ಇನ್ನೊಂದು, ಕೆಲ್ಸ ನಮ್ಮೋರಿಗೂ ಕಲಿಸಿ ಓಗ್ಬೇಕಿತ್ತು. ಭಾನ್ವಾರ ಸಭೆ ಐತೆ. ಬಂದು ನೀವೇ ಮಾತಾಡಿ. ನಾನಂತೂ ಯಾರ ಪರ್ವಾಗೂ ಬಾಯ್ಬುಡಾಕಿಲ್ಲ.”

ಭಾನುವಾರ ಹಜಾರದಲ್ಲಿ ಮೂವತ್ತು ಹೆಂಗಸರು ಕೂತಿದ್ದರು. ಪವಿತ್ರ ಭಾಷಣ ಮಾಡಲಿಲ್ಲ, ಭಾಗ್ಯಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಭಾಗ್ಯ ಎರಡು ಬಸ್ಸಿನ ಕತೆ ಹೇಳಿದಳು. ಸೊಂಟದ ಮಾತು ಬಂದಾಗ ಹಲವರು ತಲೆಯಾಡಿಸಿದರು. ಹಿಂದಿನ ಸಾಲಿನಿಂದ ರಾಚಮ್ಮ ಎಂಬಾಕೆ ಕೇಳಿದಳು: “ಕಾಲೋನಿ ಮಕ್ಳೂ ಬತ್ತವಾ ಒಳೀಕೆ?”

ಭಾಗ್ಯ ಊರಾಚೆಯ ಆ ದಲಿತ ಕಾಲೋನಿಯವಳೇ. ಅವಳು ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡಿದಳು. ತಾನು ಏನಾದರೂ ಹೇಳಬೇಕೆಂದು ಪವಿತ್ರ ಬಾಯಿ ತೆರೆಯುವಷ್ಟರಲ್ಲಿ, ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ ಎಂದಿದ್ದ ಜಯಲಕ್ಷ್ಮಮ್ಮ ಎದ್ದು ನಿಂತರು.

“ರಾಚಮ್ಮ, ಬೆಳಿಗ್ಗೆ ಆಲು ಉಯ್ಯಕ್ಕೆ ನೀನೂ ಬತ್ತೀಯ, ಕಾಲೋನಿ ಚಿಕ್ಕಬಸಮ್ಮನೂ ಬತ್ತಾಳೆ. ಅವಳ ಮನೆ ಆಲು ಬ್ಯಾರೆ ಕ್ಯಾನಿಗೆ ಉಯ್ತೀವಾ ನಾವು? ಒಂದೇ ಕ್ಯಾನು. ಆಲಿಗಿಲ್ದಿರೋ ಗೋಡೆ ಮಕ್ಳಿಗ್ಯಾಕೆ?”

ರಾಚಮ್ಮ, “ನಾನು ಸುಮ್ನೆ ಕೇಳ್ದೆ ಕಣಕ್ಕ,” ಎಂದು ಕೂತಳು. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

ಸಂಘದವರು ಹೇಳಿದ್ದನ್ನೆಲ್ಲ ಕಾರ್ಯದರ್ಶಿ ಪುಷ್ಪಾ ಒಂದು ಹಾಳೆಯಲ್ಲಿ ಬರೆದಳು. ಮಂಗಳವಾರ, ಶುಕ್ರವಾರ ಹತ್ತರಿಂದ ಒಂದರವರೆಗೆ ಕೋಣೆ. ಯಾವ ಮಗು ಬಂದರೂ ಒಳಗೆ ಬಿಡಬೇಕು. ಬೋರ್ಡು ಹಾಕುವುದಾದರೆ ಸಂಘ, ಸಂಸ್ಥೆ ಎರಡರ ಹೆಸರೂ ಇರಬೇಕು. ಊರಿನ ಒಬ್ಬಳಿಗೆ ಕೆಲಸ ಕಲಿಸಬೇಕು. ಸಂಸ್ಥೆ ಬಿಟ್ಟು ಹೋಗುವುದಾದರೆ ಮೂರು ತಿಂಗಳು ಮೊದಲೇ ಸಭೆಗೆ ಬಂದು ಹೇಳಬೇಕು. ಮಕ್ಕಳನ್ನು ಕರೆತರುವುದು ಹೇಗೆಂಬ ಪ್ರಶ್ನೆ ಬಂದಾಗ, ಬಾಗಿಲ ಬಳಿ ನಿಂತು ಕೇಳುತ್ತಿದ್ದ ಶಂಕರ್ ಕೈ ಎತ್ತಿದ. ಅಂತರಸಂತೆಯ ಆಟೋ ಚಾಲಕರ ಸಂಘಕ್ಕೆ ಅವನೇ ಮುಂದಾಳು. “ಎಲ್ಡು ದಿನ ತಾನೆ? ಸ್ಟ್ಯಾಂಡಲ್ಲಿ ಸರದಿ ಮಾಡ್ಕತೀವಿ ಬುಡಿ. ಆನೆ ರೋಡಲ್ಲಿ ನಿಂತಿದ್ರೆ ಮಾತ್ರ ಲೇಟಾಯ್ತದೆ, ಅದಕ್ಕೆ ನನ್ ಬೈಬಾರ್ದು,” ಎಂದ. ಹೆಂಗಸರು ನಕ್ಕರು.

ಕಲಿಯುವವಳು ಯಾರೆಂದಾಗ ಪವಿತ್ರ ಭಾಗ್ಯಳ ಕಡೆ ನೋಡಿದಳು. ಭಾಗ್ಯ ಗಾಬರಿಯಿಂದ, “ನಾನಾ? ಏಳ್ನೇ ಕ್ಲಾಸು ಕಣ್ರೀ ನಾನು ಓದಿರದು,” ಎಂದಳು.

“ಎರಡೂವರೆ ತಿಂಗಳು ಮನೇಲಿ ಒಬ್ಬಳೇ ಮಾಡಿಸಿದ್ದೀಯಲ್ಲ, ಅದು ಸಾಕು,” ಎಂದಳು ಪವಿತ್ರ.

ಹುಣಸೂರಿನಲ್ಲಿ ಸಂಸ್ಥೆಯ ಮುಖ್ಯಸ್ಥ ನಟರಾಜು ಆ ಹಾಳೆಯನ್ನು ಎರಡು ಸಲ ಓದಿದರು. ಅವರು ಐವತ್ತು ದಾಟಿದ ಮೆತ್ತನೆಯ ಮನುಷ್ಯ. ಕಟ್ಟಿದ್ದು ಎಲ್ಲಿ ಕುಸಿಯುತ್ತದೋ ಎಂಬ ಹೆದರಿಕೆ ಅವರಿಗೆ ಹುಟ್ಟುಗುಣ. ಅವರ ಹತ್ತಿರ ಇಂಗ್ಲಿಷಿನಲ್ಲಿ ಹನ್ನೊಂದು ಪುಟದ ಒಪ್ಪಂದದ ನಮೂನೆ ಸಿದ್ಧವಾಗಿತ್ತು.

“ಪವಿತ್ರ, ಇದರಲ್ಲಿ ನಾವು ಬಿಟ್ಟು ಹೋಗುವ ಮಾತೇ ದೊಡ್ಡದಾಗಿದೆಯಲ್ಲ!”

“ಅವರಿಗೆ ಅದೇ ದೊಡ್ಡದು ಸರ್.”

“ಕಟ್ಟಡ ಅವರದು, ಆಟೋ ಇನ್ಯಾರದೋ. ನಾಳೆ ಅವರು ಬೀಗ ಹಾಕಿದರೆ ನಮ್ಮ ಕೈಯಲ್ಲಿ ಏನಿರುತ್ತದೆ?”

“ಈಗ ನಮ್ಮ ಕೈಯಲ್ಲಿ ಏನಿದೆ ಸರ್? ಒಂಬತ್ತು ಹೆಸರಿನಲ್ಲಿ ಎರಡು.”

ನಟರಾಜು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು. ಆಮೇಲೆ ಹನ್ನೊಂದು ಪುಟವನ್ನು ಡ್ರಾಯರಿನೊಳಗೆ ಹಾಕಿ, ಪುಷ್ಪಾ ಬರೆದಿದ್ದ ಒಂದು ಪುಟಕ್ಕೆ ಸಹಿ ಮಾಡಿದರು.

ಮೊದಲ ಮಂಗಳವಾರ ನಾಲ್ಕು ಮಕ್ಕಳು ಬಂದರು. ಮೂರನೆಯ ವಾರಕ್ಕೆ ಏಳಾದರು. ಭಾಗ್ಯಳ ಕೈ ಚುರುಕಾಗಿತ್ತು. ಯಾವ ಮಗುವಿನ ಕಾಲು ಎಷ್ಟು ಬಗ್ಗುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದು ಅವಳಿಗೆ ಬೇಗ ತಿಳಿಯಿತು. ಆದರೂ ಪವಿತ್ರ ಪ್ರತಿಯೊಂದನ್ನೂ ತಾನೇ ಮುಟ್ಟಿ ನೋಡುತ್ತಿದ್ದಳು. ಚಾಪೆ ಹಾಸುವುದರಿಂದ ಹಿಡಿದು ಕಾಲು ನೇರವಾಗಿಡಲು ಕಟ್ಟುವ ಸ್ಪ್ಲಿಂಟಿನ ಪಟ್ಟಿ ಬಿಗಿಯುವವರೆಗೆ ತನ್ನ ಕಣ್ಣು ಬೀಳದಿದ್ದರೆ ಏನೋ ತಪ್ಪುತ್ತದೆ ಎಂಬ ಅಳುಕು. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಐದನೆಯ ತಿಂಗಳು ಅವಳಿಗೆ ಡೆಂಗ್ಯೂ ಬಂತು.

ಎರಡು ದಿನ ಹುಣಸೂರಿನ ರೂಮಿನಲ್ಲಿ ಮಲಗಿದ್ದಳು. ಮೂರನೆಯ ದಿನ ಅಣ್ಣ ಪುಟ್ಟಸ್ವಾಮಿ ಬಂದು ಕೆ.ಆರ್. ನಗರದ ಆಸ್ಪತ್ರೆಗೆ ಸೇರಿಸಿ, ಒಂದು ವಾರದ ಮೇಲೆ ಭೇರ್ಯದ ಮನೆಗೆ ಕರೆದೊಯ್ದ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿ ಬಂದರೆ ಏದುಸಿರು ಬರುತ್ತಿತ್ತು. ಸಂಸ್ಥೆಯಲ್ಲಿದ್ದ ಇನ್ನೊಬ್ಬ ಥೆರಪಿಸ್ಟ್ ಹೆರಿಗೆ ರಜೆಯಲ್ಲಿದ್ದಳು. ಕಲ್ಲಹುಂಡಿಗೆ ಕಳಿಸಲು ಯಾರೂ ಇರಲಿಲ್ಲ. ಪವಿತ್ರಳಿಗೆ ಹುಷಾರಿಲ್ಲ, ಸದ್ಯಕ್ಕೆ ಬರುವುದಿಲ್ಲ ಎಂದು ನಟರಾಜು ಪುಷ್ಪಾಳಿಗೆ ತಿಳಿಸಿದ್ದರು, ಅಷ್ಟೆ.

ಪವಿತ್ರ ಭಾಗ್ಯಳಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮರುದಿನವೂ ಅದೇ. ಜಯಲಕ್ಷ್ಮಮ್ಮನಿಗೆ ಮಾಡಬಹುದಿತ್ತು, ನಂಬರು ತೆರೆದು ನೋಡಿ ನೋಡಿ ಮುಚ್ಚಿದಳು. ಹೇಳದೆ ಹೋದವರ ಕತೆಯನ್ನು ಆ ಹೆಂಗಸು ಹೇಳಿದ್ದ ರೀತಿ ಅವಳಿಗೆ ಮರೆತಿರಲಿಲ್ಲ. ಜ್ವರ ಬಂದದ್ದು ತನ್ನ ತಪ್ಪಲ್ಲವೆಂದು ಬುದ್ಧಿಗೆ ಗೊತ್ತಿತ್ತು. ಆದರೆ ಬೀದಿಯಲ್ಲಿ ನಿಂತು ಯಾರೋ ಆ ಅಮ್ಮನಿಗೆ, ‘ಎಲ್ಲಿ ನಿಮ್ ಕಾಲಿನ್ ಡಾಕ್ಟ್ರಮ್ಮ, ಓದ್ಲಾ?’ ಎಂದು ಕೇಳುತ್ತಿರುವ ಹಾಗೆ ಅನ್ನಿಸಿ ಮುಖ ಬಿಸಿಯಾಗುತ್ತಿತ್ತು.

ಮೂರನೆಯ ವಾರ ನಟರಾಜು ಫೋನ್ ಮಾಡಿದರು.

“ಆರಾಮ ತಗೊಳ್ಳಿ, ಅವಸರ ಏನಿಲ್ಲ. ಒಂದು ವಿಷಯ ನಿಮಗೆ ಗೊತ್ತಿರಲಿ ಅಂತ. ಡೈರಿಗೆ ಪಶು ಆಹಾರದ ಲೋಡು ಬಂದಿದೆಯಂತೆ. ಆ ಕೋಣೆಯಲ್ಲಿ ಇಳಿಸಿದ್ದಾರೆ ಅಂತ ಅಂತರಸಂತೆ ಕಡೆಯವರು ಯಾರೋ ಹೇಳಿದರು. ಹೋಗಲಿ ಬಿಡಿ. ನೀವು ಹುಷಾರಾದ ಮೇಲೆ ಬೇರೆ ಕಡೆ ನೋಡೋಣ.”

ಫೋನ್ ಇಟ್ಟ ಮೇಲೆ ಪವಿತ್ರ ಗೋಡೆಯ ಕಡೆ ತಿರುಗಿ ಮಲಗಿದಳು. ಅವರ ದನಿಯಲ್ಲಿ ‘ನಾನು ಅಂದಿರಲಿಲ್ಲವೇ’ ಎಂಬ ಮೊನೆ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಕನಿಕರದಿಂದ ಮಾತಾಡಿದ್ದರು. ರಮ್ಯಶ್ರೀಯ ಕಾಲುಗಳು ಈಗ ಎಷ್ಟು ಬಿಗಿದಿರಬಹುದೆಂದು ಅವಳು ಲೆಕ್ಕ ಹಾಕಿದಳು. ಮೂರು ವಾರಕ್ಕೆ ಇಷ್ಟು, ನಾಲ್ಕಕ್ಕೆ ಇಷ್ಟು. ಆ ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ನಾಲ್ಕನೆಯ ಮಂಗಳವಾರ ಬೆಳಿಗ್ಗೆ ಎದ್ದು ಸೀರೆ ಉಟ್ಟಳು. ಅಣ್ಣ ಬೇಡವೆಂದ, ಅತ್ತಿಗೆ ಬೈದಳು. “ಹೋಗಿ ಆ ಅಮ್ಮನ ಮುಖ ನೋಡಿ ಒಂದು ಮಾತು ಹೇಳಿ ಬಂದುಬಿಡ್ತೀನಿ ಅಣ್ಣ. ಹೇಳದೆ ಇದ್ದರೆ ಜ್ವರ ಪೂರ್ತಿ ಬಿಡೋದಿಲ್ಲ,” ಎಂದಳು. ಭೇರ್ಯದಿಂದ ಕೆ.ಆರ್. ನಗರ, ಅಲ್ಲಿಂದ ಹುಣಸೂರು, ಹುಣಸೂರಿನಿಂದ ಕೋಟೆ, ಕೋಟೆಯಿಂದ ಅಂತರಸಂತೆ. ನಾಲ್ಕು ಬಸ್ಸು. ಕೋಟೆಯ ಬಸ್ಸಿನಲ್ಲಿ ನಿಲ್ಲಬೇಕಾಯಿತು. ಕಂಬ ಹಿಡಿದು ನಿಂತವಳಿಗೆ, ಇದನ್ನು ಮಗು ಎತ್ತಿಕೊಂಡು ಭಾಗ್ಯ ಹೇಗೆ ಮಾಡುತ್ತಿದ್ದಳೋ ಅನ್ನಿಸಿತು. ಅಂತರಸಂತೆಯಲ್ಲಿ ಶಂಕರನ ಆಟೋ ಕಾಣಲಿಲ್ಲ. ಬೇರೆ ಆಟೋ ಹಿಡಿದು ಕಲ್ಲಹುಂಡಿಗೆ ಬಂದಾಗ ಹನ್ನೊಂದೂವರೆ.

ಡೈರಿಯ ಹಿಂಬದಿಯ ಕಿಟಕಿ ರಸ್ತೆಗೇ ಕಾಣುತ್ತದೆ. ಕಿಟಕಿಯ ಸರಳಿನವರೆಗೂ ಮೂಟೆಗಳು. ಚಾಪೆ ಹಾಸುತ್ತಿದ್ದ ಜಾಗವಿಲ್ಲ, ಗೋಡೆಗೆ ಕೂರಿಸಿದ್ದ ಮರದ ಹಿಡಿಕೆ ಕಾಣುವುದಿಲ್ಲ. ನಿಜವೆಂದು ಗೊತ್ತಿದ್ದೂ ಕಣ್ಣಾರೆ ಕಂಡಾಗ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೂತುಬಿಟ್ಟಳು.

ಆಗ ಒಳಗಿನಿಂದ ಎಣಿಸುವ ದನಿ ಕೇಳಿಸಿತು. ಒಂಬತ್ತು, ಹತ್ತು. ಮತ್ತೆ ಒಂದರಿಂದ ಶುರು. ಹೆಂಗಸಿನ ದನಿ ಮುಂದೆ, ಮಕ್ಕಳ ದನಿ ಹಿಂದೆ.

ಪವಿತ್ರ ಗೋಡೆ ಹಿಡಿದುಕೊಂಡು ಮುಂಬಾಗಿಲಿಗೆ ಬಂದಳು. ಹಾಲು ಅಳೆಯುವ ಹಜಾರವನ್ನು ತೊಳೆದು ಒಣಗಿಸಿದ್ದರು. ಕ್ಯಾನುಗಳೆಲ್ಲ ಒಂದು ಮೂಲೆಗೆ ಸರಿದಿದ್ದವು. ಇನ್ನುಳಿದ ನೆಲದ ತುಂಬ ಚಾಪೆ, ಚಾಪೆಯ ಮೇಲೆ ಒಂಬತ್ತು ಮಕ್ಕಳು. ಅದರಲ್ಲಿ ಇಬ್ಬರನ್ನು ಅವಳು ನೋಡಿಯೇ ಇರಲಿಲ್ಲ. ಅಮ್ಮಂದಿರು, ಒಬ್ಬ ಅಜ್ಜಿ, ತನ್ನ ಮೊಮ್ಮಗನ ಕಾಲು ಹಿಡಿದು ಕೂತ ಮುದುಕ ಚೆಲುವಯ್ಯ. ಶಂಕರನೂ ಅಲ್ಲೇ ಇದ್ದ, ಒಂದು ಮಗುವನ್ನು ಬೆನ್ನಿಗೆ ಒರಗಿಸಿಕೊಂಡಿದ್ದ. ನಡುವೆ ಭಾಗ್ಯ ಮಂಡಿಯೂರಿ ಎಣಿಸುತ್ತಿದ್ದಳು.

“ಅಯ್ಯೋ, ಮೇಡಂ!” ಎಂದಳು ಭಾಗ್ಯ. ಎಣಿಕೆ ನಿಂತಿತು. “ಏನ್ ಮೇಡಂ ಇಂಗಾಗೋಗಿದ್ದೀರಿ, ಕಡ್ಡಿ ಕಡ್ಡಿ!”

ಜಯಲಕ್ಷ್ಮಮ್ಮ ಒಳಗಿನಿಂದ ಬಂದವರು ಅವಳ ತೋಳು ಹಿಡಿದು ಕುರ್ಚಿಗೆ ಕೂರಿಸಿದರು.

“ಕೋಣೆ... ಮೂಟೆ...” ಎಂದಳು ಪವಿತ್ರ.

“ಊಂ, ಲೋಡು ಬಂತು. ಬ್ಯಾರೆ ಎಲ್ಲಿ ಆಕದು? ನೆಂದೋದ್ರೆ ಅಸುಗೆ ಏನ್ ಆಕದು? ಪುಷ್ಪಾ ಬಂದು, ಎಂಗೂ ಡಾಕ್ಟ್ರಮ್ಮ ಬರಾಕಿಲ್ಲ, ರೂಮಿಗೆ ಇಳಿಸ್ಲಾ ಅಂದ್ಲು. ಇಳಿಸು ಅಂದೆ. ಭಾಗ್ಯ ಅಳಕ್ಕೆ ಶುರು ಮಾಡುದ್ಲು. ಲೇ, ತುಂಬಿರದು ರೂಮು ತಾನೆ, ಡೈರಿ ಎಲ್ಲಾ ತುಂಬಿಲ್ವಲ್ಲ, ಮುಂದ್ಗಡೆ ಕೂತ್ಕಳ್ರವ್ವ ಅಂದೆ.”

“ನಾನು ಬರದಿದ್ದರೂ...”

“ನೀವು ಬರ್ದಿದ್ರೆ?” ಜಯಲಕ್ಷ್ಮಮ್ಮನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ನಿಮ್ಗೆ ಜ್ವರ ಬಂದಿತ್ತು. ಮಕ್ಳಿಗೆ ಬಂದಿರ್ಲಿಲ್ವಲ್ಲ. ಎಲ್ಡು ದಿನ ಸಾಲದು ಅಂತ ಈಗ ವಾರಕ್ಕೆ ಮೂರು ದಿನ ಮಾಡ್ತಾವ್ರೆ. ಭಾಗ್ಯನ ಫೋನ್ ನೀರಿಗ್ ಬಿತ್ತು, ನಿಮ್ ನಂಬರ್ರೂ ಓಯ್ತು. ನಾನಾದ್ರೂ ಮಾಡನ ಅನ್ಕಂಡೆ. ಮಲಗಿರೋರಿಗೆ ಯಾಕೆ ತೊಂದ್ರೆ ಕೊಡದು ಅಂತ ಸುಮ್ನಾದೆ.”

ಅತ್ತ ನಾಚಿಕೆಗೆ ತಾನು, ಇತ್ತ ತೊಂದರೆ ಕೊಡಬಾರದೆಂದು ಇವರು, ಇಷ್ಟು ದಿನ ಫೋನ್ ಮಾಡದೆ ಸುಮ್ಮನಿದ್ದುದನ್ನು ನೆನೆದು ಪವಿತ್ರಳಿಗೆ ನಗು ಬಂತು. ನಗಲು ಹೋದರೆ ಕಣ್ಣಲ್ಲಿ ನೀರು ಬಂತು. ಡೆಂಗ್ಯೂ ಆದ ಮೇಲೆ ಹಾಗೇ ಆಗುತ್ತದೆ ಎಂದು ಚೆಲುವಯ್ಯ ಎಲ್ಲರಿಗೂ ವಿವರಿಸಿದ. ಅವನ ತಮ್ಮನಿಗೂ ಹಾಗೇ ಆಗಿತ್ತಂತೆ.

ಭಾಗ್ಯ ರಮ್ಯಶ್ರೀಯನ್ನು ಕರೆದಳು. ಹಜಾರದ ಕೊನೆಯಲ್ಲಿ ಮೂರು ಮೂಟೆಗಳನ್ನು ಮೆಟ್ಟಿಲಿನ ಹಾಗೆ ಇಟ್ಟಿದ್ದರು. ಕೆಳಗೊಂದು, ಅದರಾಚೆ ಒಂದರ ಮೇಲೊಂದು. “ರೂಮಲ್ಲಿ ಇಡ್ಕಳ ಮರದ ಇಡಿಕೆ ಮುಚ್ಚೋಯ್ತಲ್ಲ ಮೇಡಂ, ಅದಕ್ಕೆ ಇಂಗೆ ಮಾಡುದ್ವಿ. ಮೂಟೆ ಮೆತ್ತಗೈತೆ, ಬಿದ್ರೂ ಏಟಾಗಕಿಲ್ಲ.” ರಮ್ಯಶ್ರೀ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಅಮ್ಮನ ಬೆರಳು ಹಿಡಿದಳು. ಬಲಗಾಲು ಮೊದಲ ಮೂಟೆಯ ಮೇಲೆ ಇಟ್ಟಳು. ಎಡಗಾಲು ಎಳೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಎರಡನೆಯದನ್ನು ಹತ್ತಿ ನಿಂತು ಎಲ್ಲರ ತಲೆಯ ಮೇಲಿನಿಂದ ಪವಿತ್ರಳನ್ನು ನೋಡಿ, “ನೋಡಿ ಮೇಡಂ, ನಿಮಗಿಂತ ಎತ್ರ,” ಎಂದಳು.

ಪವಿತ್ರ ಎದ್ದು ಹೋಗಿ ಅವಳ ಮಂಡಿ ಹಿಡಿದು ನೋಡಿದಳು. ತೊಡೆಯ ಹಿಂದೆ ಬೆರಳೊತ್ತಿದಳು. ತಾನು ಹಾಸಿಗೆಯಲ್ಲಿ ಹಾಕಿದ್ದ ಲೆಕ್ಕವೆಲ್ಲ ತಪ್ಪಾಗಿತ್ತು. ಕಾಲು ಹಿಂದಿಗಿಂತ ಸಡಿಲವಾಗಿಯೇ ಇತ್ತು. ಸ್ಪ್ಲಿಂಟಿನ ಮೇಲಿನ ಪಟ್ಟಿ ಮಾತ್ರ ಒಂದು ಬೆರಳು ಕೆಳಗೆ ಕಟ್ಟಿದ್ದರು.

“ಇದು ಮೇಲೆ ಬರಬೇಕಲ್ಲ ಭಾಗ್ಯ?”

“ಮೇಲ್ ಕಟ್ಟುದ್ರೆ ಅಲ್ಲಿ ಗಾಯ ಆಯ್ತದೆ ಮೇಡಂ. ನೋಡಿ,” ಎಂದು ಭಾಗ್ಯ ಪಟ್ಟಿ ಬಿಚ್ಚಿ ಒಣಗಿದ ಗುರುತು ತೋರಿಸಿದಳು. “ಓದ್ ತಿಂಗಳು ಆಗಿತ್ತು. ಅದಕ್ಕೆ ಕೆಳಗಿಳಿಸ್ದೆ.”

ಪವಿತ್ರ ಗುರುತನ್ನು ಸವರಿ ನೋಡಿದಳು. ಹೋದ ತಿಂಗಳು ಪಟ್ಟಿ ಕಟ್ಟಿದ್ದು ತಾನೇ. “ನೀನು ಮಾಡಿದ್ದೇ ಸರಿ,” ಎಂದಳು.

ಆಮೇಲೆ ಚಾಪೆಯ ಮೇಲೆ ಕೂರಲು ಹೋದರೆ ಜಯಲಕ್ಷ್ಮಮ್ಮ ಬಿಡಲಿಲ್ಲ. “ಇವತ್ತು ನೀವೇನೂ ಮುಟ್ಬ್ಯಾಡಿ. ಕುರ್ಚಿ ಮೇಲೆ ಕೂತ್ಕಂಡು ನೋಡಿ ಸಾಕು,” ಎಂದು ಬಿಸಿ ಹಾಲಿನ ಲೋಟ ಕೈಗಿಟ್ಟರು. ಪವಿತ್ರ ಕೂತಳು. ಭಾಗ್ಯ ಮತ್ತೆ ಒಂದರಿಂದ ಎಣಿಸತೊಡಗಿದಳು. ರಾಚಮ್ಮ ಕ್ಯಾನು ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು, ಹೊಸದಾಗಿ ಬಂದ ಒಂದು ಮಗುವಿನ ತಲೆಯಡಿ ತನ್ನ ಟವೆಲನ್ನು ಮಡಚಿ ಇಟ್ಟಳು.

ಒಂದು ಗಂಟೆಗೆ ನಟರಾಜು ಅವರ ಫೋನ್ ಬಂತು. ಭೇರ್ಯದ ಮನೆಗೆ ಮಾಡಿ ವಿಷಯ ತಿಳಿದಿದ್ದರು. “ಯಾಕಮ್ಮ ಹೋದಿರಿ ಈ ಸ್ಥಿತಿಯಲ್ಲಿ? ಬೇಜಾರು ಮಾಡಿಕೊಳ್ಳಬೇಡಿ. ಚಾಪೆ, ಸಾಮಾನು ತರಲು ಗಾಡಿ ಕಳಿಸಲಾ?”

“ಬೇಡ ಸರ್,” ಎಂದಳು ಪವಿತ್ರ. “ಇನ್ನೂ ನಾಲ್ಕು ಚಾಪೆ ಕಳಿಸಿ. ಸಾಲುತ್ತಿಲ್ಲ.”

ನಟರಾಜು ದೊಡ್ಡದಾಗಿ ಉಸಿರು ಬಿಟ್ಟದ್ದು ಫೋನಿನಲ್ಲೂ ಕೇಳಿಸಿತು. “ಶುಕ್ರವಾರ ನಾನೇ ತರುತ್ತೇನೆ,” ಎಂದರು. “ಆ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.”

ಶಂಕರ್ ಅವಳನ್ನು ಅಂತರಸಂತೆಯವರೆಗೆ ಬಿಟ್ಟು, ಕೋಟೆ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಿಟಕಿ ಪಕ್ಕದ ಸೀಟು ಕೊಡಿಸಿದ. ಬಸ್ಸು ಹೊರಟಿತು. ಎರಡೂ ಕಡೆ ಹತ್ತಿ ಹೊಲ, ಶುಂಠಿ ಹೊಲ, ದೂರದಲ್ಲಿ ಕಾಡಿನ ಅಂಚು. ಮುಂದಿನ ವಾರ ಯಾವ ಮಗುವಿಗೆ ಏನು ಮಾಡಿಸಬೇಕೆಂದು ಯೋಚಿಸಲು ಶುರು ಮಾಡಿದಳು. ಎರಡನೆಯ ಮಗುವಿನ ಹೆಸರಿಗೇ ನಿದ್ದೆಗೆ ಕಣ್ಣು ಎಳೆಯಿತು. ಕೋಟೆ ಬಂದಾಗ ಕಂಡಕ್ಟರ್ ಎರಡು ಸಲ ಕೂಗಿ, ಆಮೇಲೆ ಸೀಟಿನ ಕಂಬಿ ತಟ್ಟಿ ಅವಳನ್ನು ಎಬ್ಬಿಸಬೇಕಾಯಿತು.